ಕಜ್ಜಿ ನಾಯಿಯ ಚರಿತ್ರೆ

ನಮ್ಮ ಭಾಷೆಯಲ್ಲಿ ಒಬ್ಬನನ್ನು ತೀರ ಹೀನಾಯವಾಗಿ ಜರೆಯಬೇಕಾದಾಗ ‘ಕಜ್ಜಿ ನಾಯಿ’ ಎನ್ನುವುದುಂಟು. ಕೂದಲುದುರಿ, ಚರ್ಮ ಬಿರಿದು, ರಸ ಒಸರುತ್ತಿರುವ ನಾಯಿಯನ್ನು ಕಂಡೊಡನೆ ಜನರು ಕಲ್ಲೆತ್ತಿಕೊಳ್ಳುತ್ತಾರೆ. ಬಸದಿಯ ಹೊರಬಾಗಿಲಲ್ಲಿ ಅಂಥದೊಂದು ಪ್ರಾಣಿ ಮಲಗಿದ್ದರೆ ಅದನ್ನು ಅಟ್ಟುವಂತೆ ಕಾವಲುಗಾರನಿಗೆ ಅಪ್ಪಣೆಯಾಗುತ್ತದೆ. ಆ ಒಂದು ಬೈಗುಳದ ಒಳಗೆ ಹತ್ತಾರು ಬೇರೆ ಬೇರೆ ರೋಗಗಳು ಅಡಗಿವೆಯೆಂಬುದನ್ನೂ, ಅವುಗಳಲ್ಲಿ ಬಹುಪಾಲು ಗುಣವಾಗತಕ್ಕವೆಂಬುದನ್ನೂ ಮನುಷ್ಯನು ಅರಿಯಲು ಎರಡು ಸಾವಿರ ವರ್ಷಗಳು ಬೇಕಾದವು. ಆ ಕಥೆಯನ್ನು ಸಂಕ್ಷೇಪವಾಗಿ ಓದುಗ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಗ್ರೀಕ್ ಪಂಡಿತನಾದ ಅರಿಸ್ಟಾಟಲನು ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ ನಾಯಿಗಳಿಗೆ ಬರುವ ರೋಗಗಳು ಮೂರೆಂದು ಎಣಿಸಿದ್ದಾನೆ: ಹುಚ್ಚು, ಗಂಟಲು ಬೇನೆ, ಕಾಲಿನ ವಾತ. ಆ ಪಟ್ಟಿಯಲ್ಲಿ ಕಜ್ಜಿಗೆ ಸ್ಥಾನವೇ ಇಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಕೃಷಿಗ್ರಂಥಕಾರ ಕೊಲುಮೆಲ್ಲನು ಮಾತ್ರ ಜಿಪ್ಸಮ್ಮನ್ನೂ ಎಳ್ಳನ್ನೂ ಸಮಭಾಗವಾಗಿ ಅರೆದು, ದ್ರವ ರಾಳದಲ್ಲಿ ಕಲಸಿ ನಾಯಿಯ ಕಜ್ಜಿಗೆ ಹಚ್ಚಬೇಕೆಂದು ವಿಧಿಸಿ, ಇದು ಮನುಷ್ಯರಿಗೂ ಹಿತವೆಂದು ಜನ ಭಾವಿಸುತ್ತಾರೆಂದು ಸೇರಿಸಿದ್ದಾನೆ. ನಾಯಿಯ ಕಜ್ಜಿಗೂ ಮನುಷ್ಯನ ಕಜ್ಜಿಗೂ ನಂಟಿದೆಯೆಂಬ ಗುಮಾನಿ ಅಂದೇ ಇದ್ದಿತೆಂದಾಯಿತು. ನಮ್ಮಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ಮುಂದೆ ಅಭಿನವಚಂದ್ರನು ‘ಅಶ್ವವೈದ್ಯ’ವನ್ನೂ ಕನ್ನಡದಲ್ಲಿ ಬರೆದರು. ಹಸುವಿಗೂ ಕುದುರೆಗೂ ಸಂದ ಆ ಗೌರವದ ಮುಂದೆ ಬೀದಿ ಕಾಯುವ ನಾಯಿಯ ಪಾಲು ಬಹಳ ಸಣ್ಣದು.

ಯುರೋಪಿನ ವೈದ್ಯರು ಶತಮಾನಗಳ ಕಾಲ ಕಜ್ಜಿಯನ್ನು ‘ಕೆಟ್ಟ ರಕ್ತ’ದ ಫಲವೆಂದೇ ಬಗೆದರು. ಅಂದರೆ ಅಪರಾಧವು ರೋಗಿಯದೇ! 1687ರಲ್ಲಿ ಇಟಲಿಯ ಲಿವೋರ್ನೊ ಬಂದರಿನ ವೈದ್ಯ ಬೊನೊಮೊ ಹಾಗೂ ಔಷಧ ವ್ಯಾಪಾರಿ ಚೆಸ್ತೋನಿ ಎಂಬುವರು ಇದಕ್ಕೆ ಭಿನ್ನವಾದ ಮಾತನ್ನಾಡಿದರು. ಬಡ ಹೆಂಗಸರು ತಮ್ಮ ಮಕ್ಕಳ ಕಜ್ಜಿಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ಎತ್ತಿ ತೆಗೆಯುತ್ತಿದ್ದುದನ್ನೂ, ಬಂದರಿನ ಗುಲಾಮರು ಪರಸ್ಪರ ಹಾಗೆಯೇ ಮಾಡಿಕೊಳ್ಳುತ್ತಿದ್ದುದನ್ನೂ ಅವರು ಗಮನಿಸಿದ್ದರು. ಹಾಗೆ ತೆಗೆದ ವಸ್ತುವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಆಮೆಯ ಆಕಾರದ ಒಂದು ಜೀವಂತ ನುಸಿ. ಅದು ಮೊಟ್ಟೆಯಿಡುವುದನ್ನೂ ಕಂಡರು. ಸಂಗತಿಯನ್ನು ಪತ್ರರೂಪದಲ್ಲಿ ಪಂಡಿತ ರೆದಿಗೆ ಒಪ್ಪಿಸಿದರು. ರೋಮಿನ ಪ್ರಸಿದ್ಧ ವೈದ್ಯ ಲಾಂಚೀಸಿ ಒಪ್ಪಲಿಲ್ಲ. ವಿಷಯ ಮೂಲೆಗೆ ಬಿದ್ದಿತು.

1812ರಲ್ಲಿ ಪ್ಯಾರಿಸಿನ ಗಾಲೆ ಎಂಬುವನು ಆ ನುಸಿಯನ್ನು ತೋರಿಸಿದೆನೆಂದು ಕೀರ್ತಿ ಪಡೆದನು. ಅವನು ತೋರಿಸಿದ್ದು ಗಿಣ್ಣಿನ ನುಸಿಯನ್ನು ಎಂಬ ಆರೋಪ ಅನಂತರ ಹೊರಟು, ಇಡೀ ವಾದವೇ ಹಾಸ್ಯಾಸ್ಪದವಾಯಿತು. ಕಲಬೆರಕೆಯ ಮಾಲು ಅಂಗಡಿಯೊಂದರ ಹೆಸರನ್ನಷ್ಟೇ ಅಲ್ಲ, ಇಡೀ ಪೇಟೆಯ ಹೆಸರನ್ನು ಕೆಡಿಸುತ್ತದೆಂಬುದು ವ್ಯಾಪಾರಸ್ಥರಾದ ನಮಗೆ ಹೊಸದಲ್ಲ. ಕೊನೆಗೆ 1834ರಲ್ಲಿ ಕಾರ್ಸಿಕ ದ್ವೀಪದಿಂದ ಬಂದ ರೆನುಚ್ಚಿ ಎಂಬ ವಿದ್ಯಾರ್ಥಿಯು ತನ್ನ ಊರಿನ ಹೆಂಗಸರಿಂದ ಕಲಿತಿದ್ದ ರೀತಿಯಲ್ಲಿ, ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯ ವೈದ್ಯರೆದುರು ಸೂಜಿಯಿಂದ ನುಸಿಯನ್ನು ಎತ್ತಿ ತೋರಿಸಿದನು. ಹಳ್ಳಿಯ ಹೆಂಗಸರಿಗೆ ತಿಳಿದಿದ್ದುದನ್ನು ಪಂಡಿತರು ಒಪ್ಪಲು ಬೊನೊಮೊನ ಪತ್ರದಿಂದ 147 ವರ್ಷಗಳು ಹಿಡಿದವು. ನಾಯಿಯ ಉಗ್ರ ಕಜ್ಜಿಗೆ ಕಾರಣವಾದುದೂ ಅದೇ ಸಾರ್ಕಾಪ್ಟಿಸ್ ಜಾತಿಯ ನುಸಿಯೆಂದು ಪಶುವೈದ್ಯರು ಕಂಡುಕೊಂಡರು.

ಅದೇ 1834ರಲ್ಲಿಯೇ ನಮ್ಮ ದೇಶದಲ್ಲಿ ಇನ್ನೊಂದು ಘಟನೆ ನಡೆಯಿತು. ಎರಡು ವರ್ಷ ಮೊದಲು ಮುಂಬಯಿಯ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸಲು ತೊಡಗಿದಾಗ ಪಾರ್ಸಿಗಳು ಸಿಡಿದೆದ್ದಿದ್ದರು. ಹಿಂದೂಗಳೂ ಜೈನರೂ ಅವರ ಜೊತೆಗೂಡಿದ್ದರು. ಆ ಗಲಭೆಯ ಬೆನ್ನಲ್ಲಿ ಪಾರ್ಸಿ ವರ್ತಕ ಜಮಶೇಟ್‌ಜಿ ಜೀಜೀಭಾಯಿ ಹಾಗೂ ಜೈನ ಶ್ರೇಷ್ಠಿ ಮೋತೀಚಂದ ಅಮೀಚಂದರು ಮುಂಬಯಿಯ ಪಾಂಜರಾಪೋಳವನ್ನು ಸ್ಥಾಪಿಸಿದರು. ಪ್ಯಾರಿಸಿನಲ್ಲಿ ರೋಗದ ಕಾರಣ ಸಿಕ್ಕಿತು, ಮುಂಬಯಿಯಲ್ಲಿ ರೋಗಿಗೆ ಆಶ್ರಯ ಸಿಕ್ಕಿತು. ಎರಡೂ ಒಂದೇ ಕಡೆ ಕೂಡಲು ಇನ್ನೂ ಬಹಳ ಕಾಲ ಹಿಡಿಯಿತು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. 1842ರಲ್ಲಿ ಬರ್ಲಿನಿನ ಸಿಮೋನ್ ಎಂಬ ವೈದ್ಯನು ಮನುಷ್ಯನ ರೋಮಕೂಪದೊಳಗೆ ವಾಸಿಸುವ ಉದ್ದನೆಯ ಮತ್ತೊಂದು ನುಸಿಯನ್ನು ವರ್ಣಿಸಿದನು. ಡೆಮೋಡೆಕ್ಸ್ ಎಂಬ ಈ ಜಾತಿಯು ನಾಯಿಯಲ್ಲಿಯೂ ಕಂಡುಬಂದಿತು. ಇದರ ನಡತೆ ವಿಚಿತ್ರ. ಮರಿಯು ಹುಟ್ಟಿದ ಮೊದಲ ದಿನಗಳಲ್ಲಿಯೇ ತಾಯಿಯ ಮೈಯಿಂದ ಅದಕ್ಕೆ ಅಂಟಿ, ಆರೋಗ್ಯವಂತ ನಾಯಿಯ ಮೈಯಲ್ಲಿ ಯಾವ ತೊಂದರೆಯನ್ನೂ ಕೊಡದೆ ಬಾಳುತ್ತದೆ. ಅನ್ನವಿಲ್ಲದೆ ಸೊರಗಿದಾಗ, ಬೇರೆ ಬೇನೆ ಬಂದಾಗ ಅಥವಾ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕುಂದಿದ್ದಾಗ ಮಿತಿಮೀರಿ ಬೆಳೆದು, ಕಣ್ಣಿನ ಸುತ್ತ, ತುಟಿ, ಮುಂಗಾಲುಗಳ ಕೂದಲನ್ನು ಉದುರಿಸುತ್ತದೆ. ಇಲ್ಲಿ ಮೊದಲಿಗೆ ತುರಿಕೆ ಹೆಚ್ಚಿರುವುದಿಲ್ಲ. ಸಾರ್ಕಾಪ್ಟಿಸ್ ಆದರೋ ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಭಾಗಗಳಲ್ಲಿ ಹಗಲಿರುಳು ತುರಿಸಿ, ಸಾಕಿದವರ ಕೈಗೂ ಕೆಲದಿನ ಅಂಟುತ್ತದೆ.

ಗುಂಡಗೆ ಕೂದಲುದುರುವ ‘ಹುಳುಕಡ್ಡಿ’ಯಲ್ಲಿ ಹುಳುವೇ ಇಲ್ಲ. ಅದು ಶಿಲೀಂಧ್ರದ ಕೆಲಸವೆಂದು 1840ರ ದಶಕದಲ್ಲಿ ಪ್ಯಾರಿಸಿನ ಗ್ರೂಬಿ ಸಾಧಿಸಿದನು; ನಾಯಿ ಬೆಕ್ಕುಗಳಿಂದ ಮಕ್ಕಳಿಗೆ ಹತ್ತುವ ಶಿಲೀಂಧ್ರಕ್ಕೆ 1902ರಲ್ಲಿ ಬೋದ್ಯಾ ಹೆಸರಿಟ್ಟನು. ಸೊಂಟ ಮತ್ತು ಬಾಲದ ಬುಡ ಬೋಳಾಗಿದ್ದರೆ ಬಹುತೇಕ ಚಿಗಟದ ಎಂಜಲು ಒಗ್ಗದಿರುವುದೇ ಕಾರಣ. ಕೆಲವಕ್ಕೆ ತಿನ್ನುವ ಆಹಾರವೇ ಒಗ್ಗುವುದಿಲ್ಲ. ತುರಿಕೆಯಿಲ್ಲದೆ ಎರಡೂ ಪಕ್ಕೆಗಳಲ್ಲಿ ಸಮಸಮವಾಗಿ ಕೂದಲು ತೆಳುವಾದರೆ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯವನ್ನು ಶಂಕಿಸಬೇಕು. ಜೊತೆಗೆ ನಾಯಿ ವಿಪರೀತ ನೀರು ಕುಡಿದು ಹೊಟ್ಟೆ ಜೋತುಬಿದ್ದಿದ್ದರೆ, 1932ರಲ್ಲಿ ಅಮೆರಿಕದ ಕುಶಿಂಗ್ ಮನುಷ್ಯರಲ್ಲಿ ವಿವರಿಸಿದ ರೋಗವನ್ನು. ಇಂಥ ನಾಯಿಗೆ ನುಸಿಯ ಮದ್ದು ಹಚ್ಚುವುದೆಂದರೆ ಒಬ್ಬನ ಬಾಕಿಯನ್ನು ಇನ್ನೊಬ್ಬನ ಖಾತೆಗೆ ಬರೆದಂತೆ.

ನಮ್ಮ ಊರುಗಳಲ್ಲಿ ಇಂದಿಗೂ ಎಲ್ಲ ಕಜ್ಜಿಗೂ ಒಂದೇ ಉಪಚಾರ: ಸುಟ್ಟ ಇಂಜಿನ್ ಎಣ್ಣೆಯನ್ನು ಸುರಿಯುವುದು. ನಾಯಿ ಅದನ್ನು ನೆಕ್ಕಿ ಹೊಟ್ಟೆಗೂ ಯಕೃತ್ತಿಗೂ ವಿಷವನ್ನು ತಂದುಕೊಳ್ಳುತ್ತದೆ. ಕುರಿಗೆ ತಂದ ಐವರ್ಮೆಕ್ಟಿನ್ ಸೂಜಿಮದ್ದನ್ನು ಅಂದಾಜಿನಲ್ಲಿ ಚುಚ್ಚುವವರೂ ಇದ್ದಾರೆ. ಜಪಾನಿನ ಮಣ್ಣಿನಿಂದ ಓಮುರಾ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ಹುಟ್ಟಿ, 1981ರಲ್ಲಿ ಪಶುಗಳ ಬಳಕೆಗೆ ಬಂದು, 2015ರಲ್ಲಿ ಓಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ ನೊಬೆಲ್ ತಂದ ಮದ್ದು ಅದು. ಆದರೆ ಕೋಲಿ ಮೊದಲಾದ ಕೆಲವು ತಳಿಗಳಲ್ಲಿ ಜೀನಿನ ದೋಷದಿಂದಾಗಿ ಅದು ಮೆದುಳನ್ನು ಸೇರಿ ಪ್ರಾಣಾಪಾಯ ತರುತ್ತದೆಂಬುದು 2001ರಲ್ಲಿ ಸ್ಪಷ್ಟವಾಯಿತು.

ಇಲ್ಲಿ ಶ್ರಾವಕರಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ: ನಾಯಿಯನ್ನು ಉಳಿಸಲು ಅಸಂಖ್ಯ ನುಸಿಗಳನ್ನು ಕೊಲ್ಲಬಹುದೇ? ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಆರಂಭೀ, ಉದ್ಯಮೀ, ವಿರೋಧೀ ಹಿಂಸೆಗಳಲ್ಲಿ ಆದಷ್ಟು ಮಿತಿಯನ್ನು ಪಾಲಿಸಬೇಕೆಂಬುದು ನಮ್ಮ ಆಚಾರ. ಚಿಕಿತ್ಸೆಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಪಂಚೇಂದ್ರಿಯ ಜೀವಿಯೊಂದರ ನೋವನ್ನು ನೀಗುವ ಸಂಕಲ್ಪವಿದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಹಿರಿಯರೂ ಉಂಟು. ಆದರೆ ರೋಗವು ಥೈರಾಯ್ಡಿನದೋ ಆಹಾರದ್ದೋ ಆಗಿದ್ದು, ನೋಡದೆ ವಿಷವನ್ನೇ ಬಳಿದರೆ, ಆ ಹಿಂಸೆಗೆ ಯಾವ ಸಮಾಧಾನವೂ ಇಲ್ಲ. ಡೆಮೋಡೆಕ್ಸ್ ಅಲ್ಪವಾಗಿ ತಗುಲಿದ ಎಳೆಯ ನಾಯಿಗಳಲ್ಲಿ ಬಹಳಷ್ಟು ಒಳ್ಳೆಯ ಆಹಾರ, ಆರೈಕೆಗಳಿಂದ ತಾವಾಗಿಯೇ ಗುಣಹೊಂದುತ್ತವೆ. ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದ ಜೀವಂಧರನ ಕಥೆಯನ್ನು ನಾವು ಭಕ್ತಿಯಿಂದ ಓದುತ್ತೇವೆ. ಬದುಕಿರುವ ನಾಯಿಗೆ ಒಂದು ಪರೀಕ್ಷೆಯನ್ನು ಮಾಡಿಸುವುದು ಅದಕ್ಕಿಂತ ಸುಲಭ.

ಆ ಪರೀಕ್ಷೆಯೂ ದೊಡ್ಡದಲ್ಲ. ಪಶುವೈದ್ಯರು ಚರ್ಮವನ್ನು ಅಲಗಿನಿಂದ ತುಸು ರಕ್ತ ಜಿನುಗುವವರೆಗೆ ಕೆರೆದು, ಗಾಜಿನ ಮೇಲೆ ಎಣ್ಣೆಯಲ್ಲಿ ಹರಡಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಡೆಮೋಡೆಕ್ಸ್ ಸುಲಭವಾಗಿ ಕಾಣುತ್ತದೆ. ಸಾರ್ಕಾಪ್ಟಿಸ್ ಹಲವು ವೇಳೆ ತಪ್ಪಿಸಿಕೊಳ್ಳುವುದರಿಂದ ನಾಲ್ಕಾರು ಕಡೆ ಕೆರೆಯಬೇಕಾಗುತ್ತದೆ. ಶಿಲೀಂಧ್ರದ ಸಂಶಯವಿದ್ದರೆ ಕೂದಲನ್ನು ಕಿತ್ತು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಬಸದಿಯ ಟ್ರಸ್ಟುಗಳು ವರ್ಷದ ಆಯವ್ಯಯದಲ್ಲಿ ಇದಕ್ಕೊಂದು ಸಣ್ಣ ಬಾಬ್ತನ್ನು ತೆರೆದರೆ ಸಾಕು. ಹೊರಬಾಗಿಲ ಕಾವಲುಗಾರನಿಗೆ ಕೋಲಿನ ಬದಲು ಪಶುವೈದ್ಯರ ವಿಳಾಸವನ್ನು ಕೊಡಬಹುದು.