ಎಂಜಿನ್ನಿಗೂ ಒಂದು ಊದುಗೊಳವೆ

ಟರ್ಬೊ ಕಾರಿಗೆ ಬೇರೆ ಮ್ಯಾನಿಫೋಲ್ಡ್ ಹಾಕಿಸೋ ಮಾತು ಹುಡುಗ್ರು ತೆಗೆದ್ರೆ, ನಮಗ್ಯಾಕೆ ಅಂತ ಎದ್ದು ಹೋಗಬ್ಯಾಡ್ರವ್ವ. ಅದು ನಮ್ಮ ಒಲೆ ಮುಂದಿನ ವಿದ್ಯೆನೇ. ಸೌದೆ ಎಷ್ಟಿದ್ರೂ ಗಾಳಿ ಇಲ್ದೆ ಒಲೆ ಉರಿಯಲ್ಲ, ಎಂಜಿನ್ನೂ ಹಂಗೇ. ಬಂದ ಗಾಳೀನ ಒಂದೊಂದು ಸಿಲಿಂಡರಿಗೂ ಹಂಚೋ ಕವಲು ಕೊಳವೆ ಮ್ಯಾನಿಫೋಲ್ಡ್. ಹೊರಗೆ ಹೋಗೋ ಹೊಗೆಯ ರಭಸಕ್ಕೇ ಚಕ್ರ ತಿರುಗಿ ಗಾಳೀನ ಒತ್ತಿ ತುಂಬೋದು ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ.

ಎಂಜಿನ್ ಉಸಿರಾಡೋ ದಾರಿಗೆ ಕೈ ಹಾಕೋದು ನಮ್ಮ ಸೀಮೆಗೆ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನಿನವರ ಕೈಗೆ ಹೋಯ್ತು, ಅಲ್ಲಿಂದ ಬರ್ತಿದ್ದ ಎಣ್ಣೆ ನಿಂತಿತು. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಮೈಸೂರು ಸೀಮೆ ಬಸ್ಸುಗಳಿಗೆ ಇದ್ದಿಲ ಒಲೆ ಕಟ್ಟಿದರು. ಗಾಳಿ ಸಾಲದಂಗೆ ಇದ್ದಿಲು ಉರಿಸಿ, ಬಂದ ಗ್ಯಾಸನ್ನ ತಣಿಸಿ, ಸೋಸಿ, ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಬಿಡೋರು. ಪೆಟ್ರೋಲಿನಷ್ಟು ಕಸುವಿಲ್ಲ, ದಿಣ್ಣೆ ಬಂದ್ರೆ ಬಸ್ಸಿಗೆ ಏದುಸಿರು.

ಯುದ್ಧ ಮುಗಿದ ಮೇಲೆ ಅದು ಮೂಲೆ ಸೇರಿತು. ಆದರೆ ಅದೇ ವಿದ್ಯೆ ತುರುವೇಕೆರೆ ಪಕ್ಕದ ಕುಣಿಗಲ್ ತಾಲ್ಲೂಕಿಗೆ ತಿರುಗಿ ಬಂತು. ನಮಗೆ ಅಸ್ತ್ರ ಒಲೆ ಕೊಟ್ಟ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ 1988ರಲ್ಲಿ, ಕರೆಂಟು ಕಾಣದ ಹೊಸಹಳ್ಳಿಯಲ್ಲಿ, 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿಗೆ ಸೌದೆ ಗ್ಯಾಸ್ ಕೂಡಿಸಿದರು. ಗಾಳಿ ಹೋಗೋ ಕೊಳವೆಯಲ್ಲೇ ಗ್ಯಾಸೂ ಹೋಗೋದು, ಹೊತ್ತಿಸೋಕೆ ಮಾತ್ರ ಒಂದಿಷ್ಟು ಡೀಸೆಲ್. ಮೊದಲು ಮನೆಗೆ ದೀಪ ಬಂತು, ಆಮೇಲೆ ಕುಡಿಯೋ ನೀರು, ಹಿಟ್ಟಿನ ಮಿಲ್ಲು. ನೀರು ಹೊರೋರು, ಬೀಸೋರು ಯಾರು ಅಂತ ನಾನು ನಿಮಗೆ ಹೇಳಬೇಕಾ? ನನಗಂತೂ ಯಾವ ಟರ್ಬೊಗಿಂತ್ಲೂ ಆ ಪುಟ್ಟ ಎಂಜಿನ್ನೇ ದೊಡ್ಡದು.

ಒಂದು ಮಾತು ಮಾತ್ರ ಮರೀಬ್ಯಾಡ್ರಿ. ಟರ್ಬೊ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ರೆ ಗಾಳಿ ಸೋರಿ ಕಾರಿನ ಕಸುವು ಹೋಗುತ್ತೆ. ಇದ್ದಿಲ ಗ್ಯಾಸು ಸೋರಿದ್ರೆ ಜೀವಾನೇ ಹೋಗುತ್ತೆ. ಅದರಲ್ಲಿರೋದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಎಂಜಿನ್ನೊಳಗೆ ಉರಿದ್ರೆ ಊರಿಗೆ ಬೆಳಕು, ಮುಚ್ಚಿದ ಕೋಣೇಲಿ ತುಂಬಿಕೊಂಡ್ರೆ ವಿಷ. ಕೊಬ್ಬರಿ ಒಡೆದ ಚಿಪ್ಪಿನ ಕೆಂಡವೂ ಇದೇ ಗ್ಯಾಸ್ ಬಿಡುತ್ತೆ. ಬಾಣಂತಿ, ಕೂಸು ಇರೋ ಕೋಣೆಗೆ ಕೆಂಡ ಇಟ್ರೆ ಕಿಟಕಿ ತೆಗೆದಿಡಿ. ಮಲಗೋಕೆ ಮುಂಚೆ ಕೆಂಡ ಹೊರಗೆ ಹಾಕಿ.