ನ್ಯಾಸಾ ಸರೋವರದಿಂದ ಗಾಜಿನ ತೊಟ್ಟಿಗೆ



ಚರಿತ್ರೆಯೆಂದರೆ ಅರಸರ ವಂಶಾವಳಿಯೂ ಯುದ್ಧಗಳ ತೇದಿಗಳೂ ಮಾತ್ರವಲ್ಲವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೆಣಸಿಗೆ ಚರಿತ್ರೆಯುಂಟು, ಉಪ್ಪಿಗೂ ಉಂಟು. ಇಂದು ಮೀನಿನ ಚರಿತ್ರೆಯನ್ನು ಹೇಳಹೊರಟಿದ್ದೇನೆ. ಕಾರಣವಿಷ್ಟೆ: ನನ್ನ ತಂಗಿಯ ಮೊಮ್ಮಗ ಬೆಂಗಳೂರಿನಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಕೊಂಡಿದ್ದಾನೆ. ಆಫ್ರಿಕಾದ ಬಣ್ಣದ ಸಿಕ್ಲಿಡ್ ಮೀನುಗಳನ್ನು ಸಾಕಬೇಕು, ಅವು ಅಲ್ಲಿಯೇ ಮರಿಮಾಡಿ ಬಳಗವಾಗಿ ಬೆಳೆಯಬೇಕು ಎಂಬುದು ಅವನ ಆಸೆ. ಕೈಯಲ್ಲಿರುವ ಹಣ ಅಲ್ಪ. ಶಾಲೆಯ ಪ್ರಯೋಗಾಲಯದ ಮೀನುತೊಟ್ಟಿಯನ್ನು ಬಹುಕಾಲ ನೋಡಿಕೊಂಡವನು ನಾನೆಂಬುದು ಅವನಿಗೆ ಗೊತ್ತು. ಆದ್ದರಿಂದ ಯಾವ ಮೀನಿನಿಂದ ಆರಂಭಿಸಬೇಕೆಂದು ನನ್ನನ್ನು ಕೇಳಿದ. ಈ ಪ್ರಶ್ನೆಗೆ ಸರಿಯಾದ ಉತ್ತರ ಅಂಗಡಿಯ ಬೆಲೆಪಟ್ಟಿಯಲ್ಲಿಲ್ಲ, ಚರಿತ್ರೆಯಲ್ಲಿದೆ.

1859ರ ಸೆಪ್ಟೆಂಬರಿನಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ಒಂದು ಮಹಾಸರೋವರದ ದಡವನ್ನು ತಲುಪಿದನು. ಅದಕ್ಕೆ 'ನ್ಯಾಸಾ ಸರೋವರ'ವೆಂದು ಹೆಸರಾಯಿತು. ಸ್ಥಳೀಯರ ನುಡಿಯಲ್ಲಿ ನ್ಯಾಸಾ ಎಂದರೇ ಸರೋವರ! ಹೀಗೆ 'ಸರೋವರ ಸರೋವರ' ಎಂಬ ಹೆಸರು ಭೂಪಟದ ಮೇಲೆ ನೂರು ವರ್ಷ ಉಳಿಯಿತು. 1964ರಲ್ಲಿ ನ್ಯಾಸಾಲ್ಯಾಂಡ್ ಬ್ರಿಟಿಷರಿಂದ ಸ್ವತಂತ್ರವಾಗಿ ಮಲಾವಿ ಎಂದಾದ ಮೇಲೆ ಸರೋವರವೂ ಮಲಾವಿ ಸರೋವರವಾಯಿತು. ಇದರ ಉದ್ದ ಸುಮಾರು 580 ಕಿಲೋಮೀಟರ್, ಅತ್ಯಧಿಕ ಆಳ ಸುಮಾರು 700 ಮೀಟರ್.

ಲಿವಿಂಗ್‌ಸ್ಟನ್ನನ ತಂಡದ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಜಾನ್ ಕರ್ಕ್ ಅಲ್ಲಿಯ ಮೀನುಗಳನ್ನು ಸಂಗ್ರಹಿಸಿದನು. ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗ್ಯುಂಟರ್ 1864ರಲ್ಲಿ ಅವುಗಳನ್ನು ವರ್ಣಿಸಿದನು. ಮುಂದೆ 1935ರಲ್ಲಿ ಎಥೆಲ್‌ವಿನ್ ಟ್ರೆವಾವಾಸ್ ಎಂಬ ವಿದುಷಿ ಈ ಸರೋವರದ ಸಿಕ್ಲಿಡ್‌ಗಳನ್ನೆಲ್ಲ ವರ್ಗೀಕರಿಸಿ ಪ್ರಕಟಿಸಿದರು. ಮ್ಯೂಸಿಯಮ್ಮಿಗೆ ಬರುವ ಮುನ್ನ ಅವರು ಶಾಲಾ ಶಿಕ್ಷಕಿಯಾಗಿದ್ದರೆಂಬುದು ನಮ್ಮಂಥವರಿಗೆ ಹೆಮ್ಮೆಯ ವಿಷಯ. 1950ರ ದಶಕದಲ್ಲಿ ಜೆಫ್ರಿ ಫ್ರಯರ್ ಬಂಡೆಗಳ ನಡುವೆ ಬಾಳುವ ಮೀನುಗಳನ್ನು ಅಭ್ಯಸಿಸಿದರು. ಇವುಗಳನ್ನು ಅಲ್ಲಿಯ ಬೆಸ್ತರು 'ಬುನಾ' ಎನ್ನುತ್ತಾರೆ. ತಾಯಿಮೀನು ಮೊಟ್ಟೆಗಳನ್ನು ಬಾಯಿಯಲ್ಲಿಯೇ ಇಟ್ಟುಕೊಂಡು, ಸುಮಾರು ಮೂರು ವಾರ ಕಾಪಾಡಿ, ಈಜಬಲ್ಲ ಮರಿಗಳನ್ನು ಹೊರಬಿಡುತ್ತದೆ. ಮರಿಗಳು ದೂರ ಹೋಗುವುದಿಲ್ಲ. ಆದ್ದರಿಂದ ಒಂದೊಂದು ಬಂಡೆಸಾಲಿಗೆ ಒಂದೊಂದು ಬಣ್ಣದ ಮೀನು ಎಂಬಂತಾಗಿ, ಇಡೀ ಸರೋವರದಲ್ಲಿ ನೂರಾರು ಜಾತಿಗಳು ರೂಪುಗೊಂಡಿವೆ.

ಈ ಸೊಬಗೇ ಅವುಗಳಿಗೆ ಕಂಟಕವೂ ಆಯಿತು. ವಿಮಾನಗಳೂ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳೂ ಬಂದ ಮೇಲೆ, 1960ರ ದಶಕದಿಂದ ಮಲಾವಿಯ ಮೀನುಗಳು ಯುರೋಪು, ಅಮೆರಿಕಗಳ ಮನೆಗಳನ್ನು ಸೇರತೊಡಗಿದವು. ಸರೋವರದ ದಕ್ಷಿಣ ಭಾಗದಲ್ಲಿ 1980ರಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. 1984ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಆದರೆ ಎಲ್ಲ ಬಂಡೆಗಳೂ ಉದ್ಯಾನದೊಳಗಿಲ್ಲ.

ಚಿಜುಮುಲು ದ್ವೀಪದ ಸಮೀಪದಲ್ಲಿರುವ ತೈವಾನೀ ಎಂಬ ಮುಳುಗುಬಂಡೆಯನ್ನು ನೋಡಿ. ಅಲ್ಲಿ ಮಾತ್ರವೇ ಬಾಳುವ ಒಂದು ಪುಟ್ಟ ಮೀನನ್ನು 1990ರಲ್ಲಿ ಆಡ್ ಕೋನಿಂಗ್ಸ್ ಎಂಬುವರು ವರ್ಣಿಸಿ, ಮುಳುಗುಗಾರ ಸಾಲೋಸ್ ಮ್ವಾಲೆಯ ಗೌರವಾರ್ಥ 'ಸಾಲೋಸಿ' ಎಂದು ಹೆಸರಿಟ್ಟರು. ಪ್ರಭುಗಳ ಹೆಸರನ್ನೇ ಇಡುವ ಪರಿಪಾಠವಿದ್ದ ವಿಜ್ಞಾನದಲ್ಲಿ ಕೂಲಿಗಾಗಿ ನೀರಿಗಿಳಿದವನ ಹೆಸರು ಉಳಿದುದು ಸಂತೋಷದ ಸಂಗತಿ. ಆದರೆ ಒಂದೇ ಬಂಡೆಯ ಮೀನನ್ನು ಜಗತ್ತೆಲ್ಲ ಬಯಸಿದರೆ ಆಗುವುದೇನು? ಬಂಡೆ ಬರಿದಾಗುತ್ತದೆ. ಸಾಲೋಸಿ ಇಂದು ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದೇ ಮೀನು ಲೋಕದ ಅಸಂಖ್ಯ ಗಾಜಿನ ತೊಟ್ಟಿಗಳಲ್ಲಿ ಮಾತ್ರ ಸುಖವಾಗಿ ಮರಿಮಾಡುತ್ತಿದೆ.

ನನ್ನ ಸಲಹೆಯೂ ಇದೇ ಮೀನು. ಅಲ್ಪ ಹಣದವನಿಗೆ ಇದಕ್ಕಿಂತ ಉತ್ತಮವಾದುದು ದುರ್ಲಭ. ಇದರ ಹೆಣ್ಣು ಹಳದಿ. ಪ್ರೌಢ ಗಂಡಿಗೆ ನೀಲಿ ಮೈ, ಕಪ್ಪು ಪಟ್ಟೆ. ಒಂದೇ ಜಾತಿಯನ್ನು ಕೊಂಡರೂ ತೊಟ್ಟಿಯಲ್ಲಿ ಎರಡು ಬಣ್ಣ. ಬೆಳೆದ ಮೀನುಗಳನ್ನು ಕೊಳ್ಳುವುದು ದುಬಾರಿ. ಹತ್ತು ಹನ್ನೆರಡು ಮರಿಗಳನ್ನು ಕೊಳ್ಳುವುದು ಜಾಣತನ. ಮರಿಗಳೆಲ್ಲ ಹಳದಿಯಾಗಿರುವುದರಿಂದ ಗಂಡುಹೆಣ್ಣಿನ ಭೇದ ತಿಳಿಯದು. ಆದರೆ ಹನ್ನೆರಡರಲ್ಲಿ ಎರಡೂ ಇರುವ ಸಂಭವವೇ ಹೆಚ್ಚು. ಬೆಳೆದಂತೆ ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳಿರುವಂತೆ ನೋಡಿಕೊಂಡು, ಹೆಚ್ಚಿನ ಗಂಡುಗಳನ್ನು ಬೇರೆ ಸಾಕುವವರಿಗೆ ಕೊಟ್ಟುಬಿಡಬೇಕು. ಇಲ್ಲವಾದರೆ ಗಂಡುಗಳ ಕಾದಾಟದಲ್ಲಿ ದುರ್ಬಲವಾದವು ಸಾಯುತ್ತವೆ. ಆರು ಮರಿಗಳನ್ನು ಒಬ್ಬರಲ್ಲಿಯೂ ಇನ್ನಾರನ್ನು ಮತ್ತೊಬ್ಬರಲ್ಲಿಯೂ ಕೊಂಡರೆ ಒಂದೇ ತಾಯಿಯ ಮಕ್ಕಳೊಳಗಿನ ಸಂಬಂಧ ಕಡಿಮೆಯಾಗುತ್ತದೆ.

ಅಂಗಡಿಗಳಲ್ಲಿ 'ಆಫ್ರಿಕನ್ ಮಿಕ್ಸ್' ಎಂಬ ಹೆಸರಿನಲ್ಲಿ ಅಗ್ಗದ ಮೀನುಗಳು ಸಿಗುತ್ತವೆ. ಸರೋವರದಲ್ಲಿ ಬಂಡೆಗಳ ಅಂತರವೂ ಹೆಣ್ಣಿನ ಆಯ್ಕೆಯೂ ಜಾತಿಗಳನ್ನು ಬೇರೆಬೇರೆಯಾಗಿ ಇಟ್ಟಿರುತ್ತವೆ. ಇಕ್ಕಟ್ಟಾದ ತೊಟ್ಟಿಯಲ್ಲಿ ಆ ಕಟ್ಟು ಮುರಿದು ಬೆರಕೆ ಹುಟ್ಟುತ್ತದೆ. ಎರಡು ಮೂರು ತಲೆಮಾರುಗಳಲ್ಲಿ ಯಾವ ಮೀನು ಯಾವುದೆಂದು ಹೇಳುವವರೇ ಇರುವುದಿಲ್ಲ. ಆದ್ದರಿಂದ ಜಾತಿಯ ಹೆಸರನ್ನೂ ಮೂಲವನ್ನೂ ಹೇಳಬಲ್ಲ ಸಾಕಣೆಗಾರರಲ್ಲಿಯೇ ಕೊಳ್ಳಬೇಕು. ತೊಟ್ಟಿಯಲ್ಲಿ ಹುಟ್ಟಿದ ಮರಿಗಳನ್ನೇ ಕೊಳ್ಳಬೇಕು, ಸರೋವರದಿಂದ ಹಿಡಿದು ತಂದವನ್ನಲ್ಲ.

ಮೀನಿನಲ್ಲಿ ಉಳಿದ ಹಣವನ್ನು ಒಳ್ಳೆಯ ಫಿಲ್ಟರಿಗೆ ವಿನಿಯೋಗಿಸಬೇಕು. ಅದನ್ನು ಕೆಲವು ವಾರ ಮೊದಲೇ ಓಡಿಸಿ, ಕೊಳೆಯನ್ನು ಅರಗಿಸುವ ಸೂಕ್ಷ್ಮಜೀವಿಗಳು ನೆಲೆಗೊಂಡಿವೆಯೇ ಎಂದು ನೀರಿನ ಪರೀಕ್ಷೆಯಿಂದ ತಿಳಿದುಕೊಂಡ ಮೇಲೆಯೇ ಮೀನು ಬಿಡಬೇಕು. ಬಂಡೆಗಳಿಗೆ ಹಣ ಬೇಡ; ನಮ್ಮ ಕರಿಕಲ್ಲನ್ನು ತೊಳೆದು, ತೊಟ್ಟಿಯ ತಳದಿಂದಲೇ ಭದ್ರವಾಗಿ ಪೇರಿಸಿದರೆ ಸಾಕು. ಈ ಮೀನುಗಳಿಗೆ ಗಡಸು ನೀರು ಒಗ್ಗುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಗೃಹಿಣಿಯರು ಬೈಯುವ ಬೋರ್‌ವೆಲ್ ನೀರು ಇವಕ್ಕೆ ತವರಿನ ನೀರಿನಂತೆ. ಬಂಡೆಯ ಪಾಚಿ ಇವುಗಳ ಮುಖ್ಯ ಆಹಾರವಾದ್ದರಿಂದ ಪಾಚಿಯಂಶವುಳ್ಳ ತಿನಿಸನ್ನು ಮಿತವಾಗಿ ಕೊಡಬೇಕು.

ಕೊನೆಯದಾಗಿ ಒಂದು ಮಾತು. ಸಾಕಿ ಬೇಸರವಾದರೆ ಮೀನನ್ನು ಕೆರೆಗೆ ಬಿಡುವವರಿದ್ದಾರೆ. ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಬೇಟೆಮೀನನ್ನು ಬಿಡಲಾಯಿತು. 1980ರ ದಶಕದಲ್ಲಿ ಅದು ವಿಪರೀತವಾಗಿ ಹೆಚ್ಚಿ, ಇತರ ಕಾರಣಗಳೂ ಕೂಡಿ, ಅಲ್ಲಿಯ ಸುಮಾರು 200 ಜಾತಿಯ ಸಿಕ್ಲಿಡ್‌ಗಳು ಕಾಣದಾದವು. ನಮ್ಮ ದೇಶದಲ್ಲಿಯೂ 1952ರಲ್ಲಿ ಆಫ್ರಿಕಾ ಮೂಲದ ತಿಲಾಪಿಯಾವನ್ನು ತರಲಾಯಿತು. ನಾವು ಜಿಲೇಬಿ ಮೀನು ಎನ್ನುವ ಅದೂ ಸಿಕ್ಲಿಡ್ ಕುಲದ್ದೇ; ಇಂದು ಅದಿಲ್ಲದ ಕೆರೆ ವಿರಳ. ನಮ್ಮದೇ ಆದ ಸಿಕ್ಲಿಡ್‌ಗಳೂ ಇವೆ. ಕೇರಳದವರ ಕರಿಮೀನು ಅವುಗಳಲ್ಲೊಂದು. ಇನ್ನೊಂದನ್ನು 1877ರಲ್ಲಿ ಫ್ರಾನ್ಸಿಸ್ ಡೇ ನಮ್ಮ ಕೆನರಾ ಜಿಲ್ಲೆಯ ಹೆಸರಿನಿಂದಲೇ ವರ್ಣಿಸಿದನು. ದಕ್ಷಿಣ ಕನ್ನಡದ ಹೊಳೆಗಳ ಆ ಚುಕ್ಕೆಮೀನು ಕೂಡ ಅಪಾಯದಂಚಿನಲ್ಲಿದೆ. ಅದನ್ನು ಹೊಳೆಯಿಂದ ಹಿಡಿದು ತೊಟ್ಟಿಗೆ ತರುವುದು ಬೇಡ. ಹೊರಗಿನ ಮೀನನ್ನು ಅದರ ಹೊಳೆಗೆ ಬಿಡುವುದಂತೂ ಬೇಡವೇ ಬೇಡ.

ಒಂದು ಬಂಡೆಯ ಮೀನಿನ ಅಳಿವು ಉಳಿವು ಅದನ್ನು ಎಂದೂ ಕಾಣದ ನಮ್ಮಂಥವರ ಖರೀದಿಯನ್ನೂ ಅವಲಂಬಿಸಿದೆ. ಅಂಗಡಿಯಲ್ಲಿ 'ಇದು ಎಲ್ಲಿಯದು, ಇದರ ತಂದೆತಾಯಿ ಯಾವುದು?' ಎಂದು ಕೇಳಲು ಕಾಸು ಬೇಕಿಲ್ಲ. ನಿಮ್ಮ ಮನೆಗಳಲ್ಲಿಯೂ ಮೀನು ಸಾಕುವ ಮಕ್ಕಳಿದ್ದರೆ, ಮೊದಲು ಭೂಪಟವನ್ನು ತೆರೆದು ಆ ಸರೋವರವನ್ನು ತೋರಿಸಿ. ತೊಟ್ಟಿಗೆ ನೀರು ತುಂಬಿಸುವುದು ಆಮೇಲಾಗಲಿ.