ಸಿಯಾಟಲ್‌ನ ಏಳು ಮಂದಿ

1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿಗೆ ಟೆಫ್ಲಾನ್ ಕೊಳವೆ ಕೂಡಿಸಿದ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. 1962ರಲ್ಲಿ ಸಿಯಾಟಲ್‌ನಲ್ಲಿ ತೆರೆದ ಕೇಂದ್ರದಲ್ಲಿ ಯಂತ್ರಗಳು ಬೆರಳೆಣಿಕೆಯಷ್ಟು. ಯಾರಿಗೆ ಜಾಗ? ತೀರ್ಮಾನಿಸಿದ್ದು ಹೆಸರು ಗುಟ್ಟಾಗಿಟ್ಟ ಏಳು ಮಂದಿ: ವಕೀಲ, ಪಾದ್ರಿ, ಬ್ಯಾಂಕರ್, ಗೃಹಿಣಿ, ಕಾರ್ಮಿಕ ಮುಖಂಡ, ಸರ್ಕಾರಿ ಅಧಿಕಾರಿ, ಸರ್ಜನ್. ಅವರು ವಯಸ್ಸು, ಮಕ್ಕಳು, ವರಮಾನವನ್ನಷ್ಟೇ ಅಲ್ಲ, ಚರ್ಚಿನ ಒಡನಾಟವನ್ನೂ ತೂಗಿದರು!

1972ರಲ್ಲಿ ಅಮೆರಿಕದ ಕಾನೂನು ಡಯಾಲಿಸಿಸ್ ಖರ್ಚನ್ನು ಸರ್ಕಾರಕ್ಕೆ ವಹಿಸಿತು. ದಾನದ ಅಂಗಗಳ ಕೊರತೆ ಮಾತ್ರ ದುಡ್ಡಿನಿಂದ ನೀಗುವಂಥದ್ದಲ್ಲ; ಅಲ್ಲಿ ಯಾರಿಗೆ ಜಾಗ ಎಂಬ ಪ್ರಶ್ನೆ ಹಾಗೇ ಉಳಿದಿದೆ.

2022ರಲ್ಲಿ ಬಾಸ್ಟನ್‌ನಲ್ಲಿ ಕೋವಿಡ್ ಲಸಿಕೆ ಬೇಡವೆಂದ ರೋಗಿಯೊಬ್ಬರಿಗೆ ಹೃದಯ ಕಸಿಯ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಕಸಿಯ ನಂತರ ಔಷಧಿ ಕೊಟ್ಟು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತಾರೆ. ಆಗ ಸೋಂಕು ಜೀವಕ್ಕೇ ಎರವಾಗಬಹುದು. ಚರ್ಚಿನ ಹಾಜರಿಗಿಂತ ಇದು ಗಟ್ಟಿ ಕಾರಣವೇ ಸರಿ. ಆದರೂ ಒಹಾಯೊ, ಟೆನ್ನೆಸೀಯಂಥ ರಾಜ್ಯಗಳಲ್ಲಿ ಇಂಥ ನಿರಾಕರಣೆಯನ್ನು ತಡೆಯುವ ಮಸೂದೆಗಳು ಬಂದವು.